ಎಡನಳಿಗೆಯ ಎರಡನೇ ಈಡು

ಅಪ್ಪ ಹೋದದ್ದು ಜುಲೈ ತಿಂಗಳ ಜಡಿಮಳೆಯಲ್ಲಿ. ಕೊಡವರಾದ ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಕೋವಿಯ ಒಂದು ಈಡು, ಸಾವಾದರೆ ಎರಡು. ಫೋನು ಬಂದು ಇಷ್ಟು ವರ್ಷವಾದರೂ ಜೋಡಿ ಈಡು ಕೇಳಿದರೆ ಗದ್ದೆಯಾಚೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಯಾರ ಮನೆಯ ಕಡೆಯಿಂದ ಬಂತು ಎಂದು ಕಿವಿಗೊಡುತ್ತಾರೆ. ದೊಡ್ಡಪ್ಪನ ಮಗ ಅಪ್ಪನದೇ ಕೋವಿ ಹಿಡಿದು ಅಂಗಳದ ಅಂಚಿಗೆ ಹೋದ. ಬಲನಳಿಗೆ ಹೊಡೆಯಿತು. ಎಡದ್ದು ‘ಟಕ್’ ಎಂದಿತು, ಅಷ್ಟೇ.

ಅವನು ತಿಳಿದವನು. ಕೋವಿಯ ಬಾಯಿ ಮೇಲಕ್ಕೆ ಮಾಡಿಕೊಂಡೇ ಅರ್ಧ ನಿಮಿಷ ಮಳೆಯಲ್ಲಿ ನಿಂತ. ಮದ್ದು ತಡವಾಗಿ ಹತ್ತುವುದುಂಟು. ಟಕ್ ಎಂದ ಕೂಡಲೇ ಕೋವಿ ಮುರಿದು, ಅಂದರೆ ನಳಿಗೆ ಬಗ್ಗಿಸಿ ತೆರೆದು, ನೋಡಹೋದವರ ಮುಖ ಹೋದ ಕತೆಗಳು ನಮ್ಮ ಕಡೆ ಸಾಕಷ್ಟಿವೆ. ಆ ಅರ್ಧ ನಿಮಿಷದಲ್ಲಿ ಪಕ್ಕದ ಮನೆಯವರೊಬ್ಬರು ತಮ್ಮ ಕೋವಿ ತಂದು ಎರಡನೆಯದನ್ನು ಹೊಡೆದರು. ಮೊದಲ ಈಡಿಗೂ ಎರಡನೆಯದಕ್ಕೂ ನಡುವೆ ಅಷ್ಟು ಹೊತ್ತು ಬಿದ್ದದ್ದರಿಂದ ಕೆಳಗಿನ ಮನೆಯವರು ಮೊದಲು ಗಂಡುಮಗು ಹುಟ್ಟಿತೆಂದೇ ತಿಳಿದರಂತೆ. ಇದನ್ನು ಅವರೇ ನಾನು ಕೇಳದಿದ್ದರೂ ತಿಥಿಯ ದಿನ ಹೇಳಿದರು.

ಕೋವಿ ಹನ್ನೆರಡು ಬೋರಿನ ಜೋಡಿನಳಿಗೆಯದು. ತಾತನ ಕಾಲದಲ್ಲಿ ಬಂದದ್ದು, ಬರ್ಮಿಂಗ್‌ಹ್ಯಾಮಿನದು. ಮಾರಿದವನ ಹೆಸರು ಎರಡು ನಳಿಗೆಯ ನಡುವಿನ ಪಟ್ಟಿಯ ಮೇಲೆ ಇತ್ತಂತೆ. ಮೂರು ತಲೆಮಾರು ಬೂದಿ ಹಾಕಿ ಉಜ್ಜಿದ ಮೇಲೆ ಈಗ ಎರಡಕ್ಷರ ಉಳಿದಿದೆ. ಕುದುರೆಗಳು, ಅಂದರೆ ಪೆಟ್ಟು ಕೊಡುವ ಸುತ್ತಿಗೆಗಳು, ಹೊರಗೆ ಕಾಣುವುದಿಲ್ಲ, ಒಳಗೆ ಪೆಟ್ಟಿಗೆಯಲ್ಲಿವೆ. ಆನ್ಸನ್ ಮತ್ತು ಡೀಲಿ ಎಂಬಿಬ್ಬರು 1875ರಲ್ಲಿ ಪೇಟೆಂಟ್ ಮಾಡಿದ ಏರ್ಪಾಡು ಅದು. ಕೋವಿಯನ್ನು ಮುರಿದಾಗ ನಳಿಗೆಯ ಭಾರವೇ ಸನ್ನೆಯಾಗಿ ಒಳಗಿನ ಕುದುರೆಗಳನ್ನು ಏರಿಸಿ ನಿಲ್ಲಿಸುತ್ತದೆ. ಲೋಕದ ಅರ್ಧಕ್ಕರ್ಧ ಜೋಡಿನಳಿಗೆಗಳ ಹೊಟ್ಟೆಯೊಳಗೆ ಇರುವುದು ಇದೇ.

ನಮಗೆ ಲೈಸೆನ್ಸ್ ಬೇಡ ಎಂಬುದನ್ನು ಮೈಸೂರಿನ ಗೆಳೆಯರು ಇನ್ನೂ ನಂಬುವುದಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಈ ವಿನಾಯಿತಿ 1861ರಿಂದ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಲೈಸೆನ್ಸ್ ಬೇಡವೆಂದರೆ ಕಾಗದವೇ ಬೇಡ ಎಂದಲ್ಲ. ವಿನಾಯಿತಿ ಪತ್ರ ಅಪ್ಪನ ಹೆಸರಿನಲ್ಲಿತ್ತು. ಅದು ನನ್ನ ಹೆಸರಿಗೆ ಬರುವಷ್ಟರಲ್ಲಿ ಮುಂದಿನ ಏಪ್ರಿಲ್ ಆಗಿತ್ತು.

ಅಷ್ಟು ದಿನವೂ ಎಲ್ಲರ ತೀರ್ಪು ಒಂದೇ: ತೋಟಾ (ಮದ್ದುಗುಂಡಿನ ಕಾಡತೂಸು) ತಂಡಿ ಹಿಡಿದಿದೆ. ಇದು ನಮ್ಮೂರಿನಲ್ಲಿ ಯಾವಾಗ ಹೇಳಿದರೂ ಸಲ್ಲುವ ಮಾತು. ಅಪ್ಪನ ಕಾಲದ ಕಾಗದದ ತೋಟಾಗಳಂತೂ ಮಳೆಗಾಲದಲ್ಲಿ ಹಪ್ಪಳದ ಹಾಗೆ ಉಬ್ಬಿ ನಳಿಗೆಯೊಳಗೆ ಇಳಿಯುತ್ತಲೇ ಇರಲಿಲ್ಲ. ಒತ್ತಿ ತುರುಕಿದರೆ ಹೊಡೆದ ಮೇಲೆ ಹೊರಗೆ ಬರುತ್ತಿರಲಿಲ್ಲ. ಅವುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹುಣಸೆಹಣ್ಣಿನ ಪಕ್ಕ ಇಡುವ ಪದ್ಧತಿ ಇತ್ತು. ನೆನೆಸಿಕೊಂಡರೆ ಈಗ ಎದೆ ಧಸಕ್ಕೆನ್ನುತ್ತದೆ.

ಏಪ್ರಿಲಿನಲ್ಲಿ ಕೆರೆಯ ಏರಿಯ ಮಣ್ಣಿಗೆ ಗುರಿಯಿಟ್ಟು ಹೊಸ ತೋಟಾ ಹಾಕಿ ಹೊಡೆದೆ. ಬಲ, ಎಡ, ಬಲ, ಎಡ. ನಾಲ್ಕೂ ಹೊಡೆದವು. ಆಯ್ತಲ್ಲ, ತೋಟಾದ್ದೇ ದೋಷ ಎಂದು ಒರೆಸಿ ಇಟ್ಟೆ.

ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ನಮ್ಮ ಆಯುಧಪೂಜೆಯ ಹಬ್ಬ. ಮನೆಯ ನಡುಕೋಣೆ ನಡುಬಾಡೆಯಲ್ಲಿ ತೂಗುದೀಪದ ಕೆಳಗೆ ಕೋವಿ, ಒಡಿಕತ್ತಿಗಳನ್ನೆಲ್ಲ ಇಟ್ಟು, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ, ಕಡಂಬುಟ್ಟು ಪಂದಿಕರಿ ಎಡೆಯಿಟ್ಟೆವು. ಮಧ್ಯಾಹ್ನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು. ನನ್ನ ಸರದಿ. ಬಲನಳಿಗೆ ಹೊಡೆಯಿತು, ಕಾಯಿಗೆ ತಾಗಲಿಲ್ಲ, ಅದು ಬೇರೆ ಮಾತು. ಎಡದ್ದು ಟಕ್. ಕಾದು, ಮುರಿದು, ತೋಟಾ ತೆಗೆದು ನೋಡಿದೆ. ತೋಟಾದ ತಳದಲ್ಲಿ ಮದ್ದಿಗೆ ಬೆಂಕಿ ಕೊಡುವ ಕೇಪಿನ ಮೇಲೆ, ಕುದುರೆ ತಳ್ಳುವ ಸೂಜಿಯ ಗುರುತು ಇತ್ತು, ಆದರೆ ಚಪಾತಿ ಹಿಟ್ಟಿಗೆ ಮಗು ಬೆರಳು ತಾಗಿಸಿದಷ್ಟೇ. ಅದೇ ತೋಟಾವನ್ನು ಬಲನಳಿಗೆಗೆ ಹಾಕಿದೆ. ಹೊಡೆಯಿತು! ತೋಟಾ ಆ ಕ್ಷಣಕ್ಕೆ ನಿರ್ದೋಷಿ. ಒಂದು ವರ್ಷ ಎಲ್ಲರೂ ಬೈದ ತೋಟಾಗಳಿಗೆ ಕ್ಷಮೆ ಕೇಳಬೇಕೆನಿಸಿತು. ಈ ಅದಲುಬದಲು ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಆಮೇಲೆ ನಾನು ಮಾಡಿದ ಎರಡು ಕೆಲಸ ಹೇಳಲು ನಾಚಿಕೆಯಾಗುತ್ತದೆ. ಮೊದಲನೆಯದು, ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇಯನ್ನು ಸೂಜಿ ಹೊರಬರುವ ತೂತಿನೊಳಗೆ ಹೊಡೆದದ್ದು. ಸಂಜೆಗೆ ಎಡನಳಿಗೆ ಚೆನ್ನಾಗಿ ಹೊಡೆಯಿತು, ನಾನು ಮೆಕ್ಯಾನಿಕ್ ಎಂದು ಹೆಸರಾದೆ. ಎರಡನೆಯದು, ಅದೇ ಹುಮ್ಮಸ್ಸಿನಲ್ಲಿ ಕೆಳಗಿನ ತಗಡು ಬಿಚ್ಚಲು ಮನೆಯ ಸ್ಕ್ರೂಡ್ರೈವರ್ ಹಿಡಿದದ್ದು. ಹಳೆಯ ಇಂಗ್ಲಿಷ್ ಕೋವಿಯ ತಿರುಪಿನ ಸೀಳು ಬ್ಲೇಡಿನಷ್ಟು ತೆಳು, ಗೋಡೆ ನೇರ. ನಮ್ಮ ಸ್ಕ್ರೂಡ್ರೈವರಿನ ತುದಿಯೋ ಬೆಣೆಯ ಹಾಗೆ. ಅದು ತಳ ಮುಟ್ಟುವುದೇ ಇಲ್ಲ, ತುಟಿಯಲ್ಲಿ ಕಚ್ಚಿ, ಜಾರಿ, ವಾಲ್‌ನಟ್ ಮರದ ಮೇಲೆ ಒಂದಿಂಚು ಗೀರು ಎಳೆಯಿತು. ನೂರು ವರ್ಷದಲ್ಲಿ ತಾತ, ಅಪ್ಪ ಮಾಡದ ಗಾಯವನ್ನು ನಾನು ಎರಡು ನಿಮಿಷದಲ್ಲಿ ಮಾಡಿ, ಮತ್ತೆ ಮುಟ್ಟದೆ ಇಟ್ಟೆ.

ಡಿಸೆಂಬರಿನ ಪುತ್ತರಿಗೆ, ಅಂದರೆ ನಮ್ಮ ಸುಗ್ಗಿ ಹಬ್ಬಕ್ಕೆ, ಊರಿಗೆ ಹೋದೆ. ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವಾಗ ಬಲನಳಿಗೆಯಿಂದ ಒಂದು ಈಡು ಸರಿಯಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಏರಿಯ ಹತ್ತಿರ ಹೋಗಿ ಎಡದ್ದನ್ನು ನೋಡಿದೆ. ಟಕ್. ಮನೆಗೆ ಬಂದು, ಸ್ನಾನಕ್ಕೆ ಮುಂಚೆ ತಲೆಗೆ ಹಚ್ಚಲು ಎಣ್ಣೆ ಬಾಟಲಿ ಮಗುಚಿದರೆ ಎಣ್ಣೆ ಬೀಳಲಿಲ್ಲ. ಬೆಳ್ಳಗೆ ಗಟ್ಟಿಯಾಗಿತ್ತು. ಕೊಡಗಿನ ಚಳಿಗಾಲದಲ್ಲಿ ಇದೇನು ಹೊಸದಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುತ್ತದೆ, ನಮ್ಮಲ್ಲಿ ಜುಲೈಯಲ್ಲೂ ಹಗಲು ಅದಕ್ಕಿಂತ ಕೆಳಗಿರುವುದುಂಟು. ಬಾಟಲಿಯನ್ನು ಒಲೆಯ ಪಕ್ಕ ಇಡಲು ಹೋಗುತ್ತಿದ್ದವನು ಅಲ್ಲೇ ನಿಂತೆ.

ಅಪ್ಪ ಕೋವಿಗೆ ಹಾಕುತ್ತಿದ್ದದ್ದು ಕೊಬ್ಬರಿ ಎಣ್ಣೆ. ಪ್ರತಿ ಕೈಲ್‌ಪೊಳ್ದಿಗೆ ಮೂರು ದಿನ ಮುಂಚೆ ಕೋವಿ ಮಡಿಲಲ್ಲಿಟ್ಟುಕೊಂಡು, ಹಳೆಯ ಕುಪ್ಯದ (ನಮ್ಮ ಗಂಡಸರ ಉದ್ದ ಕೋಟಿನ) ತುಂಡಿಗೆ ಎಣ್ಣೆ ಹಚ್ಚಿ, ನಳಿಗೆ ಉಜ್ಜಿ, ಕೊನೆಗೆ ಒಳಗೂ ಇರಲಿ ಎಂದು ಸಂದುಗಳಿಗೆ ಹನಿಹನಿಯಾಗಿ ಬಿಡುತ್ತಿದ್ದರು. ಏಪ್ರಿಲ್ ಸೆಕೆಯಲ್ಲಿ ನಾಲ್ಕಕ್ಕೆ ನಾಲ್ಕು, ಜುಲೈ, ಸೆಪ್ಟೆಂಬರ್, ಡಿಸೆಂಬರಿನಲ್ಲಿ ಟಕ್. ತೋಟಾವೂ ಅಲ್ಲ, ದೈವದೋಷವೂ ಅಲ್ಲ, ಥರ್ಮಾಮೀಟರ್. ಪತ್ತೇದಾರನ ಹಾಗೆ ಎದೆಯುಬ್ಬಿಸಿ ವಿರಾಜಪೇಟೆ ಕಡೆಯ ಮಿಸ್ತ್ರಿಯ ಹತ್ತಿರ ಹೋದೆ.

ಮಿಸ್ತ್ರಿಗೆ ವಯಸ್ಸಾಗಿದೆ. ಕೋವಿ ರಿಪೇರಿಗೂ ಲೈಸೆನ್ಸ್ ಬೇಕು, ಅವರಿಗಿದೆ; ಅಂಥವರು ಈಗ ಜಿಲ್ಲೆಯಲ್ಲಿ ಹುಡುಕಿದರೆ ಸಿಗಬೇಕು. ನನ್ನ ಎಣ್ಣೆ ಸಿದ್ಧಾಂತವನ್ನು ಪೂರ್ತಿ ಕೇಳಿ, “ಇರಬಹುದು” ಎಂದು, ಅದನ್ನು ಬಿಟ್ಟು ಬೇರೆಲ್ಲ ನೋಡತೊಡಗಿದರು.

ಮೊದಲು ಮುರಿದು, ಎರಡು ನಳಿಗೆಗೂ ಬೆರಳು ಹಾಕಿ ಖಾಲಿ ಎಂದು ಖಾತ್ರಿ ಮಾಡಿಕೊಂಡರು. ನಾನು ಖಾಲಿ ಎಂದು ಹೇಳಿದ್ದೆ. ಅದನ್ನವರು ಕೇಳಿಸಿಕೊಂಡ ಹಾಗೆಯೇ ಇರಲಿಲ್ಲ. ನಳಿಗೆಯನ್ನು ಬೇರೆ ಮಾಡಿ, ಅಡಿಯ ಕೊಕ್ಕೆಗೆ ಬೆರಳು ಸಿಕ್ಕಿಸಿ ತೂಗುಬಿಟ್ಟು, ಗೆಣ್ಣಿನಿಂದ ತಟ್ಟಿದರು. ದೇವಸ್ಥಾನದ ಸಣ್ಣ ಗಂಟೆಯ ಹಾಗೆ ಉದ್ದಕ್ಕೆ ನಾದ ಹೊರಟಿತು. “ಪಟ್ಟಿಯ ಬೆಸುಗೆ ಗಟ್ಟಿ ಉಂಟು. ಬಿಟ್ಟಿದ್ದರೆ ಒಡೆದ ಮಡಕೆಯ ಹಾಗೆ ಗುಯ್ ಅಂತಿತ್ತು.” ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕಿದರು. ಬೆಳಕಿನ ಬಳೆಗಳು ಒಂದರೊಳಗೊಂದು ಸುತ್ತಾಗಿ ಕಾಣಬೇಕು. ಎಲ್ಲಾದರೂ ಬಳೆ ಸೊಟ್ಟಗಾದರೆ ಅಲ್ಲಿ ನೆಗ್ಗಿದೆ, ಕಪ್ಪು ಉಂಗುರ ಕಂಡರೆ ಉಬ್ಬಿದೆ. ತುಕ್ಕಿನ ಚುಕ್ಕೆಗಳಿದ್ದವು, ಆಳವಿಲ್ಲ. ಉಬ್ಬು ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ಮೂಲೆಯಲ್ಲಿದ್ದ ಒಂಟಿನಳಿಗೆ ತೋರಿಸಿದರು, ಹಾವು ಕಪ್ಪೆ ನುಂಗಿದ ಹಾಗೆ ನಡುವೆ ದಪ್ಪ. ಕುಂಬಾರ ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿತ್ತು, ಯಜಮಾನರು ನೋಡದೆ ಹೊಡೆದರು. ನಳಿಗೆ ಸೀಳಲಿಲ್ಲ ಎನ್ನುವುದು ಅವರ ಅದೃಷ್ಟ. ನಮ್ಮ ಕಡೆ ಕೀಲಿತೂತಿಗೂ ಗೂಡು ಕಟ್ಟುವ ಹುಳ ಅದು, ಹದಿನೆಂಟೂವರೆ ಮಿಲಿಮೀಟರಿನ ತೂತು ಬಿಡುತ್ತದೆಯೇ?

ಮುಂದಿನದು ನನಗೆ ಹೊಸದು. ನಳಿಗೆಯನ್ನು ಮತ್ತೆ ಜೋಡಿಸಿದರು, ಆದರೆ ಮುಂಗೈ ಮರವನ್ನು ಹಾಕಲಿಲ್ಲ. ಹಿಡಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಕಟ್, ಕಟ್ ಎಂದು ಸಣ್ಣ ಸದ್ದು, ಕೈಗೂ ಗೊತ್ತಾಗುವಷ್ಟು. ಮುಂಗೈ ಮರ ಇದ್ದಾಗ ಅದರ ಸ್ಪ್ರಿಂಗು ನಳಿಗೆಯನ್ನು ಹಿಂದಕ್ಕೆ ಒತ್ತಿ ಹಿಡಿದು ಈ ಸಡಿಲವನ್ನು ಮುಚ್ಚಿಡುತ್ತದೆ. ಬೆಳಕಿಗೆ ಹಿಡಿದರು. ನಳಿಗೆಯ ಹಿಂಬದಿಗೂ ಎದುರು ಗೋಡೆಗೂ ನಡುವೆ ಕೂದಲೆಳೆಯಷ್ಟು ಬೆಳಕು. “ಮೇಲಿನ ಲಿವರ್ ನೋಡಿ” ಎಂದರು. ಹೊಸ ಕೋವಿಯಲ್ಲಿ ಮುಚ್ಚಿದಾಗ ಅದು ನಡುಗೆರೆಯಿಂದ ಸ್ವಲ್ಪ ಬಲಕ್ಕೇ ನಿಲ್ಲುತ್ತದೆ, ಸವೆದಂತೆ ನಡುವಿಗೆ ಬರುತ್ತದೆ, ಇನ್ನೂ ಸವೆದರೆ ಎಡಕ್ಕೆ ಹೋಗುತ್ತದೆ. ನಮ್ಮದು ಎಡಕ್ಕೆ ವಾಲಿತ್ತು. ಹುಟ್ಟಿದಾಗಿನಿಂದ ನೋಡಿದ ಕೋವಿ ಅದು. ಆ ಲಿವರ್ ಅಲ್ಲೇ ಇರಬೇಕಾದ್ದೆಂದು ತಿಳಿದಿದ್ದೆ.

ತಿರುಗುಣಿಯ ಪಿನ್ನನ್ನು ಕಚ್ಚುವ ಕೊಕ್ಕೆಯ ಒಳಬಾಯಿಯಿಂದ ಚಿಮುಟದಲ್ಲಿ ಏನನ್ನೋ ಕಿತ್ತು ಮೇಜಿನ ಮೇಲಿಟ್ಟರು. ತಗಡಿನ ಚೂರು, ಡಬ್ಬದಿಂದ ಕತ್ತರಿಸಿ ಬೆಸೆದದ್ದು. ಯಾವ ಕಾಲದಲ್ಲೋ ಯಾರೋ ಬುದ್ಧಿವಂತ, ಸಂತೆಗೆ ಹೋಗಿ ಬರುವಷ್ಟರಲ್ಲಿ ಸಡಿಲ ಸರಿಮಾಡಿಕೊಟ್ಟಿದ್ದಾನೆ. ಕೆಲವರು ಕೊಕ್ಕೆಯನ್ನು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡುತ್ತಾರಂತೆ; ಹತ್ತು ಈಡಿಗೆ ಮತ್ತೆ ಅದೇ ಕತೆ, ಜೊತೆಗೆ ಬಡಿದ ಕಬ್ಬಿಣ ಮತ್ತೆ ಸಿಗುವುದಿಲ್ಲ. ಸರಿಯಾದ ದಾರಿ ಎಂದರೆ ತಿರುಗುಣಿಯ ಪಿನ್ನನ್ನೇ ಒಂದು ಎಳೆ ದಪ್ಪದ್ದು ಮಾಡಿ ಕೂರಿಸುವುದು. “ಇದಾಗುವ ತನಕ ಹೊಡೆಯುವ ಹಾಗಿಲ್ಲ. ಇಷ್ಟು ದಿನ ಹೊಡೆದಿರಲ್ಲ, ಅದು ಕೋವಿಯ ಒಳ್ಳೆಯತನ.”

ಆಮೇಲೆ ತಿರುಪುಗಳು. ನಾನು ಹಾಳು ಮಾಡಿದ ತಿರುಪನ್ನು ನೋಡಿ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಅವರ ಹತ್ತಿರ ಒಂದೊಂದು ಸೀಳಿಗೂ ಉಜ್ಜಿ ಹೊಂದಿಸಿದ ಒಂದೊಂದು ತಿರುಪುಳಿ. ತಗಡು ಬಿಚ್ಚಿ ಒಳಗಿನದು ಕಂಡಾಗ ಮಾತ್ರ ನನ್ನ ಸಿದ್ಧಾಂತಕ್ಕೆ ಜೀವ ಬಂತು. ಬೆಣ್ಣೆಯಂಥದ್ದಲ್ಲ, ಮಸಿ, ಕುಪ್ಯದ ನೂಲು, ಮದ್ದಿನ ಹುಡಿ, ನನ್ನ ಸ್ಪ್ರೇ ಕರಗಿಸಿ ಇನ್ನೂ ಒಳಕ್ಕೆ ತಳ್ಳಿದ ಜಿಡ್ಡು ಎಲ್ಲ ಸೇರಿದ ಕರಿ ಮುದ್ದೆ. ಮೂಗಿಗೆ ಹಿಡಿದರೆ ಹಳೆಯ ತಲೆದಿಂಬಿನ ವಾಸನೆ. ಆ ವಾಸನೆ ನನಗೆ ಗೊತ್ತು, ಅದು ಅಪ್ಪನ ಕೋಣೆಯದು.

“ಆದರೆ ಎರಡು ಕಡೆಗೂ ಒಂದೇ ಎಣ್ಣೆ ಅಲ್ವಾ?” ಎಂದರು ಮಿಸ್ತ್ರಿ. “ಬಲದ್ದು ಯಾಕೆ ಹೊಡೀತದೆ?”

ನನ್ನ ಪತ್ತೇದಾರಿಕೆಯಲ್ಲಿ ಈ ಪ್ರಶ್ನೆಯೇ ಬಂದಿರಲಿಲ್ಲ.

ಎರಡು ಸೂಜಿಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಪಕ್ಕಪಕ್ಕ ಇಟ್ಟರು. ಕೆಲವು ಕೋವಿಗಳಲ್ಲಿ ಕುದುರೆಯ ಮೂತಿಯೇ ಸೂಜಿ. ನಮ್ಮದರಲ್ಲಿ ಬೇರೆ ಬೇರೆ. ಬಲದ್ದರ ತುದಿ ಅವರೆಕಾಳಿನ ಬೆನ್ನಿನಂತೆ ಗುಂಡಗೆ, ಹೊಳಪು. ಎಡದ್ದು ಗಿಡ್ಡ, ತುದಿ ಚಪ್ಪಟೆ, ಅರದ ಗುರುತು. ಮೊನಚಾಗಿದ್ದರೆ ಕೇಪು ತೂತಾಗಿ ಬೆಂಕಿ ಹಿಂದಕ್ಕೆ ಬರುತ್ತದೆ. ಅಂಥದ್ದೇನೋ ಆಗಿರಬೇಕು, ಯಾರೋ ಅರ ಹಾಕಿ ಮೊಂಡು ಮಾಡಿದ್ದಾರೆ, ಅಳತೆ ತಪ್ಪಿದೆ. ಒಂದಿಷ್ಟು ಗಿಡ್ಡ ಸೂಜಿ, ಸಡಿಲದಿಂದಾಗಿ ಒಂದಿಷ್ಟು ದೂರ ನಿಂತ ತೋಟಾ, ಚಳಿಗೆ ಒಂದಿಷ್ಟು ನಿಧಾನವಾದ ಕುದುರೆ. ಮೂರರಲ್ಲಿ ಯಾವುದೊಂದು ಇರದಿದ್ದರೂ ಹೊಡೆಯುತ್ತಿತ್ತು. ಏಪ್ರಿಲಿನಲ್ಲಿ ಒಂದು ಕಳೆದಿತ್ತು, ಹೊಡೆಯಿತು. ಊರಿನಲ್ಲಿ ತೋಟಾ ಬಿಟ್ಟರೆ ಎಲ್ಲರೂ ಹೇಳುವ ಇನ್ನೊಂದು ಕಾರಣ ‘ಸ್ಪ್ರಿಂಗ್ ಸತ್ತಿದೆ’. ಅದು ಬದುಕಿಯೇ ಇತ್ತು.

“ಎಡದ್ದನ್ನು ನಿಮ್ಮ ಮನೆಯಲ್ಲಿ ಹೊಡೆಯುವುದೇ ಇಲ್ಲ ಕಾಣುತ್ತೆ” ಎಂದರು. ಜಿಡ್ಡು ಅಲ್ಲಾಡದೆ ಕೂತ ರೀತಿಯಿಂದ ಅವರಿಗೆ ಗೊತ್ತಾಯಿತಂತೆ.

ನಾನು ಲೆಕ್ಕ ಹಾಕಿದೆ. ಜೋಡಿನಳಿಗೆಯಲ್ಲಿ ಮುಂದಿನ ಎಳೆ (ಟ್ರಿಗರ್) ಬಲಕ್ಕೆ, ಹಿಂದಿನದು ಎಡಕ್ಕೆ. ಪುತ್ತರಿಗೆ ಒಂದು ಈಡು, ನಾನು ಹುಟ್ಟಿದಾಗ ಒಂದು, ತಮ್ಮ ಹುಟ್ಟಿದಾಗ ಒಂದು. ಬೆರಳು ತಾನಾಗಿ ಮುಂದಿನ ಎಳೆಗೇ ಹೋಗುತ್ತದೆ. ಅಪ್ಪ ಗುರಿಕಾರರೂ ಅಲ್ಲ, ಬೇಟೆಯಂತೂ 1972ರ ಕಾಯ್ದೆಯ ನಂತರ ಮುಗಿದ ಮಾತು. ಎರಡನೇ ಈಡು ಬೇಕಾಗುವುದು ಸಾವಿಗೆ ಮಾತ್ರ. ಅಜ್ಜಿ ಹೋದದ್ದು 1991ರಲ್ಲಿ. ಅವತ್ತಿನಿಂದ ಅಪ್ಪನ ದಿನದವರೆಗೆ ಎಡಗುದುರೆ ಏರಿಸಿಟ್ಟ ಹಾಗೆಯೇ, ಎಣ್ಣೆ ಕುಡಿಯುತ್ತ ನಿಂತಿತ್ತೋ ಏನೋ. ಪ್ರತಿ ವರ್ಷ ಉಜ್ಜಿದರು, ಹೂ ಮುಡಿಸಿದರು, ಎಡದ್ದು ಹೊಡೆಯುತ್ತದೆಯೇ ಎಂದು ಯಾರೂ ನೋಡಲಿಲ್ಲ. ಶುಭ ದಿನ ಎರಡನೇ ಈಡು ಹೊಡೆದು ನೋಡುವುದುಂಟೆ?

ಮಿಸ್ತ್ರಿ ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ತಿರುಪು ಬಿಚ್ಚಿಟ್ಟ ಹಿಡಿಯ ಮರದ ತಲೆ ತೋರಿಸಿದರು. ಕಬ್ಬಿಣ ಕೂರುವ ಜಾಗ ಇದ್ದಲಿನಂತೆ ಕಪ್ಪಾಗಿತ್ತು, ಉಗುರು ಇಳಿಯುತ್ತಿತ್ತು, ಹಿಂದಕ್ಕೆ ಎರಡಿಂಚು ಬಿರುಕು. ಕೋವಿಯನ್ನು ಮೂಲೆಯಲ್ಲಿ ಬಾಯಿ ಮೇಲಾಗಿ ನಿಲ್ಲಿಸಿದರೆ ಹಾಕಿದ ಎಣ್ಣೆಯೆಲ್ಲ ನಳಿಗೆಯಿಂದಿಳಿದು ಮರಕ್ಕೇ ಬರುತ್ತದೆ. ನೆನೆದ ಮರ ಮೆತ್ತಗಾಗುತ್ತದೆ, ಪ್ರತಿ ಈಡಿನ ಒದೆತಕ್ಕೆ ಕಬ್ಬಿಣ ಹಿಂದಕ್ಕೆ ತಳ್ಳಿ ಸೀಳುತ್ತದೆ. ಸೀಮೆಸುಣ್ಣದ ಹುಡಿ ಕಲಸಿ ಮೆತ್ತಿ ಬಿಸಿಲಿಗಿಟ್ಟರೆ ಹುಡಿ ಎಣ್ಣೆ ಹೀರುತ್ತದೆ, ಹಳದಿಯಾದ ಮೇಲೆ ಕೆರೆದು ಮತ್ತೆ ಮೆತ್ತಬೇಕು. ಆ ಕೆಲಸವನ್ನು ನನಗೇ ಒಪ್ಪಿಸಿದರು. ಜನವರಿ, ಫೆಬ್ರುವರಿಯ ಬಿಸಿಲಿನಲ್ಲಿ ಏಳು ಸಲ ಮಾಡಿದೆ. ಎಂಟನೆಯ ಸಲವೂ ಹುಡಿ ಹಳದಿಯಾಗಿಯೇ ಬಂತು. ಸಾಕೆಂದರು.

ಅವರು ಕಡೆಯದಾಗಿ ನೋಡಿದ್ದು ನಳಿಗೆಯ ಅಡಿಯ ಮುದ್ರೆಗಳನ್ನು. ಕಿರೀಟ, ಅದರಡಿ ಅಕ್ಷರ, ನೈಟ್ರೋ ಪ್ರೂಫ್ (ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ್ದು), ಚರೆಯ ತೂಕ 1⅛ ಔನ್ಸ್, ಕೋಣೆಯ ಉದ್ದ ಎರಡೂವರೆ ಇಂಚು. “ಯಾವ ತೋಟಾ ಹಾಕ್ತೀರಿ?” ಎಂದರು. ಪೆಟ್ಟಿಗೆ ತೋರಿಸಿದೆ. 70 ಮಿಲಿಮೀಟರ್. ಇದರಲ್ಲಿ ತೋಟಾ ಕೂರುವ ಕೋಣೆ 65 ಮಿಲಿಮೀಟರಿಗೆ ಕೊರೆದದ್ದು. ಹೊಡೆಯುವ ಮುಂಚೆ ತೋಟಾದ ಬಾಯಿ ಮಡಚಿರುವುದರಿಂದ ಉದ್ದದ್ದೂ ಸಲೀಸಾಗಿ ಒಳಗೆ ಕೂರುತ್ತದೆ, ಮೋಸವಿರುವುದೇ ಅಲ್ಲಿ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆ ಕಿರಿದಾಗುವ ಕಡೆ ಕತ್ತು ಹಿಸುಕಿದಂತಾಗಿ ಒಳಗಿನ ಒತ್ತಡ ಏರುತ್ತದೆ. ಸಡಿಲ ಹೆಚ್ಚಾಗಲು ಇದೂ ಕಾರಣವಿರಬಹುದು. ಉಳಿದ ಪೆಟ್ಟಿಗೆಯನ್ನು ಹೊಸ ಕೋವಿಯಿರುವ ನೆಂಟನಿಗೆ ಕೊಟ್ಟೆ.

ಪಿನ್ನು, ಸೂಜಿ, ಬಿರುಕಿಗೆ ಅಂಟು ಎಲ್ಲ ಸೇರಿ ಮಳೆ ಹಿಡಿಯುವವರೆಗೆ ಆಯಿತು. ಕೊಡುವ ದಿನ ಖಾಲಿ ತೋಟಾ ಹಾಕಿ, ಬಲ ಎಳೆದಾಗ ಎಡದ್ದೂ ಬೀಳುತ್ತದೆಯೇ ಎಂದು ಹಿಡಿಗೆ ರಬ್ಬರ್ ಸುತ್ತಿಗೆ ಕುಟ್ಟಿ ನೋಡಿದರು. ಕುದುರೆ ಹಿಡಿಯುವ ಹಲ್ಲು ಸವೆದಿದ್ದರೆ ಎರಡೂ ಒಟ್ಟಿಗೇ ಹೊಡೆದು ಭುಜ ಹಾರಿಸುತ್ತವೆ. ಸೇಫ್ಟಿ ನಂಬಬೇಡಿ, ಅದು ಎಳೆಗಳನ್ನಷ್ಟೇ ಕಟ್ಟುತ್ತದೆ, ಒಳಗಿನ ಕುದುರೆಯನ್ನಲ್ಲ ಎಂದರು. ಎಣ್ಣೆ ವರ್ಷಕ್ಕೆ ಒಂದು ಹನಿ, ಹೊಲಿಗೆ ಯಂತ್ರದ್ದು. ಒರೆಸಿದ ಮೇಲೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ.

ಅಮ್ಮನಿಗೆ ಈ ಕೊನೆಯದು ಒಪ್ಪಿಗೆಯಿಲ್ಲ. ಕೋವಿ ತಲೆಕೆಳಗಾಗಿ ನಿಂತರೆ ಮನೆಗೆ ಒಳ್ಳೆಯದಲ್ಲವಂತೆ. ಬೀರುವಿನ ಬೀಗದ ಕೈ ನನ್ನ ಹತ್ತಿರ ಒಂದು, ಅವರ ಹತ್ತಿರ ಒಂದು. ನಾನು ಮೈಸೂರಿನಿಂದ ಹೋದಾಗಲೆಲ್ಲ ಕೋವಿ ಬಾಯಿ ಮೇಲಾಗಿಯೇ ಇರುತ್ತದೆ, ಮೆತ್ತಗೆ ತಿರುಗಿಸುತ್ತೇನೆ. ಇದರ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಈ ಸಲದ ಪುತ್ತರಿಗೆ ಚಳಿ ಜೋರಾಗಿಯೇ ಇತ್ತು, ಬಚ್ಚಲಿನ ಎಣ್ಣೆ ಬಾಟಲಿ ಮಗುಚಿ ನೋಡಿಯೇ ಹೊರಟಿದ್ದೆ. ಗದ್ದೆಗೆ ಹೋಗುವಾಗ ದೊಡ್ಡಪ್ಪನ ಮಗ ಕೋವಿ ನನ್ನ ಕೈಗೇ ಕೊಟ್ಟ. ಕದಿರಿಗೆ ಕುಡುಗೋಲು ತಾಗಿ ‘ಪೊಲಿ ಪೊಲಿ ದೇವಾ’ ಎಂದು ಎಲ್ಲರೂ ಕೂಗುವಾಗ ಬಾಯಿ ಆಕಾಶಕ್ಕೆ ಮಾಡಿ ಹಿಂದಿನ ಎಳೆ ಎಳೆದೆ. ಒಂದು ಈಡು, ಗುಡ್ಡಕ್ಕೆ ತಾಗಿ ವಾಪಸು ಬಂತು. ಯಾವ ನಳಿಗೆಯದೆಂದು ಯಾರೂ ಕೇಳಲಿಲ್ಲ. ಬಲನಳಿಗೆಗೆ ನಾನು ಅವತ್ತು ತೋಟಾ ಹಾಕಿರಲೇ ಇಲ್ಲ.